ಚಳಿ ತಡೆಯಲು ಯಾವುದು: ಕಬ್ಬಿಣದ ಮಾತ್ರೆಯೋ, ಒಣಶುಂಠಿಯೋ, ಕೆಫೀನೋ?

ಧನುರ್ಮಾಸದ ಬೆಳಗಿನ ಜಾವ ಯಾರಿಗಾದರೂ ಚಳಿಯೇ. ಬಿಸಿಲೇರಿ ಹತ್ತು ಗಂಟೆಯಾದರೂ ಬೆರಳ ತುದಿ ತಣ್ಣಗೇ ಇದ್ದರೆ ಮೊದಲ ಖರ್ಚು ರಕ್ತಪರೀಕ್ಷೆಗಿರಲಿ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ).

ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಮತ ಕಬ್ಬಿಣಕ್ಕೆ, ಅದೂ ಕೊರತೆ ಇದ್ದವರಿಗೆ ಮಾತ್ರ. ಕಬ್ಬಿಣ ಸಾಲದಿದ್ದರೆ ರಕ್ತ ಹೊರುವ ಆಮ್ಲಜನಕ ಕಡಿಮೆಯಾಗುತ್ತದೆ, ಥೈರಾಯ್ಡ್ ಹಾರ್ಮೋನಿನ ಕೆಲಸವೂ ಕುಂಟುತ್ತದೆ. ಮೈ ಕಾವು ಹುಟ್ಟಿಸುವುದೇ ತಗ್ಗುತ್ತದೆ. ಫೆರಿಟಿನ್ ಮಿಲಿಲೀಟರಿಗೆ 15 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಖಚಿತ. ಜ್ವರ, ಸೋಂಕು ಇದ್ದಾಗ ಈ ಅಂಕಿ ಸುಳ್ಳೇ ಏರುತ್ತದೆ, ಆಗ ಪರೀಕ್ಷೆ ಬೇಡ. ಮಾತ್ರೆ ಕೊಳ್ಳುವಾಗ ಎಲಿಮೆಂಟಲ್ ಐರನ್ (ಅದರಲ್ಲಿರುವ ಅಸಲು ಕಬ್ಬಿಣ) ಎಷ್ಟೆಂದು ನೋಡಿ: 200 ಮಿ.ಗ್ರಾಂ ಒಣ ಫೆರಸ್ ಸಲ್ಫೇಟ್‌ನಲ್ಲಿ ಸಿಗುವುದು ಸುಮಾರು 65 ಮಿ.ಗ್ರಾಂ. ಒಂದು ಮಾತ್ರೆ ನುಂಗಿದರೆ ಕಬ್ಬಿಣ ಹೀರುವುದನ್ನು ತಡೆಯುವ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ದಿನ ಕರುಳು ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲ. ಹಾಗಾಗಿ ವೈದ್ಯರು ಒಪ್ಪಿದರೆ ದಿನ ಬಿಟ್ಟು ದಿನ ತೆಗೆದುಕೊಳ್ಳುವುದೇ ವಾಸಿ. ಹೊಟ್ಟೆ ತೊಳಸುವುದೂ ಕಡಿಮೆ. ಖಾಲಿ ಹೊಟ್ಟೆಯಲ್ಲಿ, ನಿಂಬೆ ಪಾನಕದ ಜೊತೆ ನುಂಗಿ. ಮಲ ಕಪ್ಪಾದರೆ ಗಾಬರಿ ಬೇಡ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ವಾರದಲ್ಲೇ ಚಳಿ ಹೋಗಲಿಲ್ಲವೆಂದು ಬಿಟ್ಟುಬಿಡುವವರೇ ಹೆಚ್ಚು. ಹಿಮೋಗ್ಲೋಬಿನ್ ಏರಲು ವಾರಗಳು ಬೇಕು, ಆಮೇಲೆ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು.

ಒಣಶುಂಠಿ ಕಷಾಯದ ಗುಣ ಬೇರೆ. ಒಂದು ಲೋಟಕ್ಕೆ ಅರ್ಧ ಚಮಚ ಪುಡಿ, ನಾಲ್ಕು ಜಜ್ಜಿದ ಕಾಳುಮೆಣಸು. ಗಂಟಲಿಗೆ ಇಳಿಯುತ್ತಲೇ ಕಿವಿ ಬಿಸಿಯಾಗಿ, ಹಣೆಯ ಮೇಲೆ ಸಣ್ಣ ಬೆವರ ಹನಿ ಮೂಡುತ್ತದೆ. ಆ ಹನಿಯೇ ಇದರ ತೊಡಕು: ಖಾರಕ್ಕೆ ಬಿಸಿಯೆಂದು ಮೋಸಹೋದ ನರಗಳು ಬೆವರಿಸಿ ಮೈಯ ಶಾಖವನ್ನು ಹೊರಗೆ ಚೆಲ್ಲುತ್ತವೆ. ಮನೆಯೊಳಗೆ ಹಿತ, ಕುಡಿದು ತಕ್ಷಣ ಗಾಳಿಗೆ ಬೈಕ್ ಹತ್ತಿದರೆ ಚಳಿ ಇನ್ನೂ ಕೊರೆಯುತ್ತದೆ. ಎದೆಯುರಿ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಬೇಡ.

ಕೆಫೀನ್ ಗುಳಿಗೆಗೆ ದುಡ್ಡು ದಂಡ. ವಿಶ್ರಾಂತಿಯಲ್ಲಿ ಮೈ ಹುಟ್ಟಿಸುವ ಶಾಖಕ್ಕೆ 100 ಮಿ.ಗ್ರಾಂ ಕೆಫೀನ್ ಸೇರಿಸುವುದು ನೂರಕ್ಕೆ ಮೂರು ನಾಲ್ಕು ಪಾಲು ಅಷ್ಟೇ. ಚಳಿಗೆ ಹುಟ್ಟುವ ನಡುಕವೋ ಅದೇ ಶಾಖವನ್ನು ಹಲವು ಪಟ್ಟು ಏರಿಸಬಲ್ಲದು. ಕಬ್ಬಿಣದ ಮಾತ್ರೆ ನುಂಗಿದ ಕೂಡಲೇ ಕುಡಿದ ಕಾಫಿ ಆ ಕಬ್ಬಿಣವನ್ನೂ ಸರಿಯಾಗಿ ಹೀರಗೊಡುವುದಿಲ್ಲ. ಒಂದೆರಡು ಗಂಟೆ ತಡೆಯಿರಿ.

ಹೋಲಿಸಿ ನೋಡುವುದಾದರೆ ಒಂದು ಸಲಕ್ಕೆ ಒಂದನ್ನೇ ಹಿಡಿಯಿರಿ. ದಿನಾ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ, ಒಂದು ನಿಮಿಷ ನಲ್ಲಿ ನೀರಿನಲ್ಲಿ ಕೈ ಅದ್ದಿ ಒರೆಸಿ, ಬೆರಳು ಬೆಚ್ಚಗಾಗಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಿ. ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿದರೆ ಈ ಪರೀಕ್ಷೆ ನಿಲ್ಲಿಸಿ ವೈದ್ಯರಿಗೆ ಕೈ ತೋರಿಸಿ.