8 ಜಿಬಿ ಸಾಕೇ? ಶಿರಸಿಯಲ್ಲಿ ಎರಡೂವರೆ ವರ್ಷ ಬಳಸಿದ ಲ್ಯಾಪ್‌ಟಾಪ್‌ನ ವಿಮರ್ಶೆ

ಯಂತ್ರದ ವಿವರ ಮೊದಲು ಹೇಳಿಬಿಡುತ್ತೇನೆ. ಇಂಟೆಲ್ ಕೋರ್ ಐ3-1215ಯು ಪ್ರೊಸೆಸರ್, 8 ಜಿಬಿ ಡಿಡಿಆರ್4 ಮೆಮೊರಿ (ಅಂದರೆ ರ‍್ಯಾಮ್, ತೆರೆದಿಟ್ಟ ಕೆಲಸಗಳು ಕೂರುವ ಜಾಗ), ಕಡತಗಳನ್ನು ಉಳಿಸಿಡಲು 512 ಜಿಬಿ ಎಸ್‌ಎಸ್‌ಡಿ, 15.6 ಇಂಚಿನ ಪರದೆ, ವಿಂಡೋಸ್ 11. 2023ರ ಮಳೆಗಾಲದಲ್ಲಿ ಶಿರಸಿಯ ಅಂಗಡಿಯೊಂದರಲ್ಲಿ ಕೊಂಡದ್ದು. ಶೇಕಡಾ 18ರ ಜಿಎಸ್‌ಟಿ ಸೇರಿ 38 ಸಾವಿರ ರೂಪಾಯಿ ಆಯಿತು. ಕಂಪನಿಯ ಹೆಸರು ಬರೆಯುತ್ತಿಲ್ಲ. ಆ ದರದಲ್ಲಿ ಅಂಗಡಿಯವನು ಮೇಜಿನ ಮೇಲೆ ಸಾಲಾಗಿ ಇಟ್ಟ ಬೇರೆ ಕಂಪನಿಗಳ ಯಂತ್ರಗಳನ್ನೂ ನೋಡಿದೆ. ಮುಚ್ಚಳದ ಮೇಲಿನ ಹೆಸರು ಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ, ಮೆಮೊರಿಯಂತೂ ಎಲ್ಲದರಲ್ಲೂ 8 ಜಿಬಿ. ಹಾಗಾಗಿ ಇಲ್ಲಿ ಬರೆಯುವುದು ಒಂದು ಮಾದರಿಗಿಂತ ಹೆಚ್ಚಾಗಿ ಆ ಬೆಲೆಯ ಯಂತ್ರಗಳಿಗೆಲ್ಲ ಅನ್ವಯಿಸುತ್ತದೆ.

ನನ್ನ ತೀರ್ಮಾನವನ್ನು ಕೊನೆಯವರೆಗೆ ಬಚ್ಚಿಡುವುದಿಲ್ಲ. ಕೊಟ್ಟ ಹಣಕ್ಕೆ ಪ್ರೊಸೆಸರ್ ಸಾಕಷ್ಟಿದೆ, ಎಸ್‌ಎಸ್‌ಡಿ ಸಾಕಷ್ಟಿದೆ, ಮೆಮೊರಿ ಮಾತ್ರ ಕಡಿಮೆ. ಆದರೂ ಈ ಯಂತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಅದಕ್ಕೆ ಕಾರಣ ಒಳಗೆ ಖಾಲಿ ಬಿಟ್ಟಿದ್ದ, ಮೆಮೊರಿ ಕಡ್ಡಿ ಕೂರಿಸುವ ಒಂದು ಸ್ಲಾಟ್.

ನಾನು ಲೆಕ್ಕ ಬರೆಯುವವನು. ಕೆಲವು ಕಿರಾಣಿ ಅಂಗಡಿಗಳು, ಒಂದು ಗೊಬ್ಬರದ ಅಂಗಡಿ, ಅಡಿಕೆ ವ್ಯಾಪಾರದ ಇಬ್ಬರು, ಇವರ ಖಾತೆಗಳೆಲ್ಲ ನನ್ನ ಹತ್ತಿರ. ಅಡಿಕೆ ಸುಗ್ಗಿಯಲ್ಲಿ ಪರದೆಯ ಮೇಲೆ ಏನೇನು ತೆರೆದಿರುತ್ತದೆ ಎಂದರೆ, ಲೆಕ್ಕದ ತಂತ್ರಾಂಶ ಟ್ಯಾಲಿ, ಅಡಿಕೆಯ ಬಗೆಗಳಾದ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಬೇರೆ ಬೇರೆ ಹಾಳೆಗಳಿರುವ ಎಕ್ಸೆಲ್ ಕಡತ, ಜಿಎಸ್‌ಟಿ ಪೋರ್ಟಲ್, ಬ್ಯಾಂಕಿನ ಪುಟ, ಬಿಲ್ಲುಗಳ ಫೋಟೋ ಬಂದು ಬೀಳುವ ವಾಟ್ಸ್‌ಆ್ಯಪ್, ಮುಚ್ಚಲು ಮರೆತ ಹತ್ತಾರು ಪಿಡಿಎಫ್. ಸಂಜೆಯಾದರೆ ಇದೇ ಯಂತ್ರ ಮಗಳ ಆನ್‌ಲೈನ್ ತರಗತಿಗೆ. ಇದರಲ್ಲಿ ವಿಡಿಯೋ ಸಂಕಲನ ಇಲ್ಲ, ಆಟ ಇಲ್ಲ, ಪ್ರೋಗ್ರಾಮಿಂಗ್ ಇಲ್ಲ. ಅಂಗಡಿಯವರು ಹೇಳುವ ‘ಸಾಧಾರಣ ಬಳಕೆ’ ಎಂದರೆ ಇದೇ ಇರಬೇಕು.

ಮೊದಲ ಕೆಲವು ತಿಂಗಳು ಯಾವ ತಕರಾರೂ ಇರಲಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ಯಂತ್ರದಿಂದ ಬಂದವನಿಗೆ ಎಸ್‌ಎಸ್‌ಡಿಯ ವೇಗವೇ ಒಂದು ಹಬ್ಬ. ಎಷ್ಟು ಮೆಮೊರಿ ಬಳಕೆಯಾಗುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡುವ ಚಟ ಹತ್ತಿದ್ದು ಆಮೇಲೆ. ಏನನ್ನೂ ತೆರೆಯದೆ, ಸುಮ್ಮನೆ ಚಾಲೂ ಮಾಡಿಟ್ಟರೂ ಮೂರೂವರೆ ಜಿಬಿಯಷ್ಟು ಮೆಮೊರಿ ವಿಂಡೋಸ್‌ಗೇ ಹೋಗಿರುತ್ತಿತ್ತು. ಪೂರ್ತಿ 8 ಜಿಬಿಯೂ ನಮ್ಮ ಕೈಗೆ ಸಿಗುವುದಿಲ್ಲ. ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲದ ಇಂಥ ಯಂತ್ರಗಳಲ್ಲಿ ಪರದೆಯ ಕೆಲಸವೂ ಇದೇ ಮೆಮೊರಿಯಲ್ಲಿ ನಡೆಯಬೇಕು. ಕೆಲವು ಮಾದರಿಗಳಲ್ಲಿ ಅದಕ್ಕಾಗಿ ಒಂದೆರಡು ಜಿಬಿಯನ್ನು ಮೊದಲೇ ಎತ್ತಿಟ್ಟಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ‘8 ಜಿಬಿ’ ಎಂಬುದರ ಪಕ್ಕ ಆವರಣದಲ್ಲಿ ಬರೆದ ಬಳಸಬಹುದಾದ ಮೆಮೊರಿಯ ಅಂಕಿಯನ್ನು ಅಂಗಡಿಯಲ್ಲೇ ಓದಿಕೊಳ್ಳುವುದು ಒಳ್ಳೆಯದು.

ಇಲ್ಲಿ ವಿಂಡೋಸ್‌ಗೆ ಸಲ್ಲಬೇಕಾದ ನ್ಯಾಯವನ್ನೂ ಸಲ್ಲಿಸಬೇಕು. ಮೆಮೊರಿ ತುಂಬಿದಂತೆ ಕಂಡರೆ ಗಾಬರಿ ಬೇಡ. ಖಾಲಿ ಇರುವ ಜಾಗದಲ್ಲಿ ಮತ್ತೆ ಬೇಕಾಗಬಹುದಾದ ಕಡತಗಳನ್ನು ಅದು ಮುಂಚಿತವಾಗಿ ತಂದಿಟ್ಟುಕೊಳ್ಳುತ್ತದೆ, ಬೇರೆ ಕೆಲಸಕ್ಕೆ ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ಟಾಸ್ಕ್ ಮ್ಯಾನೇಜರ್‌ನ ‘ಕಮಿಟೆಡ್’ ಎಂಬ ಅಂಕಿಯನ್ನು, ಅಂದರೆ ನಡೆಯುತ್ತಿರುವ ಕೆಲಸಗಳೆಲ್ಲ ಸೇರಿ ಕೇಳಿರುವ ಮೆಮೊರಿಯನ್ನು. ಅದು ಯಂತ್ರದಲ್ಲಿರುವ ಮೆಮೊರಿಯನ್ನು ಬಹಳ ಮೀರಿ ನಿಂತಿದ್ದು, ಕೆಲಸವೂ ತಡವರಿಸುತ್ತಿದ್ದರೆ, ಮೆಮೊರಿಯಲ್ಲಿ ಇರಬೇಕಾದ್ದು ಎಸ್‌ಎಸ್‌ಡಿಯ ಮೇಲಿನ ಪೇಜ್ ಫೈಲ್‌ಗೆ ಹೋಗಿ ಬರುತ್ತಿದೆ ಎಂದೇ ಲೆಕ್ಕ. ನನ್ನ ಯಂತ್ರದಲ್ಲಿ ಸುಗ್ಗಿಯ ದಿನಗಳಲ್ಲಿ ಅದು ಹನ್ನೊಂದು, ಹನ್ನೆರಡು ಜಿಬಿ ತೋರಿಸುತ್ತಿತ್ತು.

ಇದರ ಪರಿಣಾಮ ಯಂತ್ರ ನಿಂತುಹೋಗುವಂಥದ್ದಲ್ಲ. ಎಸ್‌ಎಸ್‌ಡಿ ಇರುವುದರಿಂದ ಪೆಟ್ಟು ಮೆತ್ತಗೆ ಬೀಳುತ್ತದೆ. ಎಕ್ಸೆಲ್‌ನಿಂದ ಬ್ರೌಸರ್‌ಗೆ ಹೋದರೆ ಕ್ಷಣಕಾಲ ಬಿಳಿ ಪರದೆ, ಟ್ಯಾಲಿಗೆ ಮರಳಿದರೆ ಒಂದು ತೊದಲು. ಒಂದೊಂದೂ ಸಣ್ಣದು, ದಿನವಿಡೀ ಸೇರಿದರೆ ತಲೆ ಕೆಡಿಸುವಂಥದ್ದು. ಆದರೆ ನಿಜವಾದ ಕಿರಿಕಿರಿ ಬೇರೆಯೇ ಕಡೆಯಿಂದ ಬಂತು, ಅದನ್ನು ಬೆಂಗಳೂರಿನಲ್ಲಿ ಕುಳಿತು ವಿಮರ್ಶೆ ಬರೆಯುವವರು ಹೇಳುವುದೇ ಇಲ್ಲ.

ಕ್ರೋಮ್ ಬ್ರೌಸರ್ 2008ರಲ್ಲಿ ಬಂದಾಗಿನಿಂದಲೂ ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ನಡೆಸುತ್ತದೆ. ಒಂದು ಪುಟ ಕೆಟ್ಟರೆ ಉಳಿದವು ಕೆಡಬಾರದು ಎಂಬುದು ಉದ್ದೇಶ. 2018ರಲ್ಲಿ ಭದ್ರತೆಗಾಗಿ ಜಾಲತಾಣಗಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಬೇರ್ಪಡಿಸಿದರು, ಅದರಿಂದ ಮೆಮೊರಿ ಬಳಕೆ ಶೇಕಡಾ 10ರಿಂದ 13ರಷ್ಟು ಹೆಚ್ಚುತ್ತದೆ ಎಂದು ಗೂಗಲ್ ಆಗಲೇ ಹೇಳಿತ್ತು. ಹೀಗೆ ಬೆಳೆದ ಹಸಿವನ್ನು ಹಿಡಿತದಲ್ಲಿಡಲು, ಬಳಸದೆ ಬಿಟ್ಟ ಟ್ಯಾಬ್‌ಗಳನ್ನು ಮೆಮೊರಿಯಿಂದ ಇಳಿಸಿಬಿಡುವ ವ್ಯವಸ್ಥೆಯೂ ಇದೆ. ಇಳಿಸಿದ ಟ್ಯಾಬ್‌ಗೆ ಮರಳಿದಾಗ ಪುಟ ಅಂತರ್ಜಾಲದಿಂದ ಮತ್ತೆ ಬರಬೇಕು. ಊರು ಪಟ್ಟಣವಾಗಿದ್ದು ಫೈಬರ್ ಸಂಪರ್ಕ ಗಟ್ಟಿಯಾಗಿದ್ದರೆ ಇದು ಅರಿವಿಗೇ ಬರುವುದಿಲ್ಲ. ನಮ್ಮ ಕಡೆ ಜುಲೈ ತಿಂಗಳಲ್ಲಿ ಮರ ಬಿದ್ದು ತಂತಿ ತುಂಡಾಗುತ್ತದೆ, ಕರೆಂಟ್ ಹೋಗುತ್ತದೆ, ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಒಂದು ಗೆರೆ ಸಿಗ್ನಲ್ ಹಿಡಿದುಕೊಂಡು ರಿಟರ್ನ್ ತುಂಬಬೇಕಾಗುತ್ತದೆ. ಆ ಹೊತ್ತಿನಲ್ಲಿ, ಕಷ್ಟಪಟ್ಟು ತೆರೆದಿಟ್ಟುಕೊಂಡಿದ್ದ ಪುಟ ಮತ್ತೆ ಮೊದಲಿನಿಂದ ತೆರೆಯಲು ಹೊರಟರೆ ಹೇಗಿರುತ್ತದೆ ಹೇಳಿ. ಲಾಗಿನ್ ಅವಧಿ ಮುಗಿದು ಮತ್ತೆ ಒಟಿಪಿ, ಒಟಿಪಿ ಬರಲು ಮತ್ತೆ ಸಿಗ್ನಲ್. ಮೆಮೊರಿಯ ಕೊರತೆಯನ್ನು ಒಳ್ಳೆಯ ಅಂತರ್ಜಾಲ ಮುಚ್ಚಿಹಾಕುತ್ತದೆ. ಮಲೆನಾಡಿನಲ್ಲಿ ಆ ಮುಸುಕು ಇಲ್ಲ. ಹಳ್ಳಿಯ ಬಳಕೆಗೆ ಕಡಿಮೆ ಮೆಮೊರಿ ಸಾಕು ಎನ್ನುವ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ. ನಮಗೇ ಹೆಚ್ಚು ಬೇಕು.

ಹಾಗಾದರೆ ಕಂಪನಿಗಳು 8ಕ್ಕೇ ಏಕೆ ನಿಂತಿವೆ? ಕಾಗದದ ಮೇಲೆ ವಿಂಡೋಸ್ 11ಕ್ಕೆ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಇದ್ದರೆ ಸಾಕು. 2021ರಲ್ಲಿ ಬರೆದ ಆ ಸಾಲು ಇನ್ನೂ ಹಾಗೆಯೇ ಇದೆ. ಅದನ್ನು ನಂಬಿ, ಇಪ್ಪತ್ತು ಸಾವಿರದೊಳಗೆ 4 ಜಿಬಿ ಮೆಮೊರಿ, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿಗಿಂತ ನಿಧಾನದ, ಅಗ್ಗದ ಸಂಗ್ರಹ) ಇರುವ ಯಂತ್ರವನ್ನು ಮಗನಿಗೆ ಕೊಡಿಸಿದ ನೆರೆಮನೆಯವರ ಪಾಡು ನೋಡಿದ್ದೇನೆ. ವಿಂಡೋಸ್‌ನ ನವೀಕರಣ ಇಳಿಸಿಕೊಳ್ಳಲೂ ಅದರಲ್ಲಿ ಜಾಗವಿಲ್ಲ. ಅದನ್ನು ಯಾರೂ ಕೊಳ್ಳಬೇಡಿ, ಇಷ್ಟು ಸಾಕು. ಇದೇ ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ‘ಕೋಪೈಲಟ್ ಪ್ಲಸ್’ ಹೆಸರಿನ, ಕೃತಕ ಬುದ್ಧಿಮತ್ತೆಯ ಕೆಲಸಗಳಿಗೆಂದೇ ಮಾಡಿದ ಯಂತ್ರಗಳಿಗೆ ಕನಿಷ್ಠ 16 ಜಿಬಿ ಎಂದು ನಿಗದಿ ಮಾಡಿತು. ಆ್ಯಪಲ್ ಕೂಡ ವರ್ಷಗಟ್ಟಲೆ 8 ಜಿಬಿಯಲ್ಲೇ ಮ್ಯಾಕ್‌ಬುಕ್ ಏರ್ ಮಾರಿ, 2024ರ ಅಕ್ಟೋಬರ್ ಕೊನೆಯಲ್ಲಿ ಬೆಲೆ ಏರಿಸದೆಯೇ ಆರಂಭಿಕ ಮಾದರಿಗೆ 16 ಜಿಬಿ ಕೊಟ್ಟಿತು. ಅಷ್ಟೂ ದಿನ ಕೊಡಬಹುದಾಗಿದ್ದುದನ್ನು ಕೊಡದೆ ಇಟ್ಟುಕೊಂಡಿದ್ದರು ಎಂದೇ ನಾನು ಓದಿಕೊಳ್ಳುತ್ತೇನೆ. ಮೇಲಿನ ಮಾದರಿ ಮಾರಾಟವಾಗಬೇಕಾದರೆ ಕೆಳಗಿನದರಲ್ಲಿ ಏನಾದರೊಂದು ಕೊರತೆ ಇರಲೇಬೇಕಲ್ಲ.

ನಾನು ಕೊಳ್ಳುವಾಗ 16 ಜಿಬಿಯ ಮಾದರಿಯೂ ಇತ್ತು. ಆದರೆ ಅದರ ಜೊತೆಗೆ ಐ5 ಪ್ರೊಸೆಸರ್ ಕಟ್ಟಿ, ಹತ್ತು ಸಾವಿರಕ್ಕೂ ಹೆಚ್ಚು ಏರಿಸಿದ್ದರು. ಐ3 ಪ್ರೊಸೆಸರ್, 16 ಜಿಬಿ ಎಂಬ ಜೋಡಿ ಕೇಳಿದರೆ ಅಂಗಡಿಯವನು, “ಹಾಗೆ ಬರುವುದಿಲ್ಲ ಸರ್” ಎಂದ. ನನ್ನಂಥವರಿಗೆ ಬೇಕಾದ ಜೋಡಿ ಅದೇ.

2024ರ ದೀಪಾವಳಿ ಕಳೆದ ಮೇಲೆ, ಒಂದು ವರ್ಷದ ವಾರಂಟಿಯೂ ಮುಗಿದಿತ್ತು, ಯಂತ್ರವನ್ನು ದುರಸ್ತಿಯವನ ಹತ್ತಿರ ಒಯ್ದೆ. ಹಿಂಬದಿಯ ಸ್ಕ್ರೂ ಬಿಚ್ಚಿ, ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮುಚ್ಚಳ ಎಬ್ಬಿಸಿದ. ಒಳಗೆ ನೋಡಿ ನಕ್ಕ. “ಹೆಗಡೆಯವರೇ, ಒಂದು ಸ್ಲಾಟ್ ಖಾಲಿ ಬಿಟ್ಟಿದ್ದಾರೆ. ಕಂಪನಿಯವರು ಪುಣ್ಯಾತ್ಮರು.” ಇನ್ನೊಂದು 8 ಜಿಬಿ ಡಿಡಿಆರ್4 ಕಡ್ಡಿ, ಮೊದಲಿನದರಷ್ಟೇ 3200ರ ವೇಗದ್ದು, ಎರಡು ಸಾವಿರದೊಳಗೆ ಮುಗಿಯಿತು. ಕೂರಿಸಲು ಹಿಡಿದದ್ದು ಚಹಾ ಕುಡಿಯುವಷ್ಟು ಹೊತ್ತು.

ಆಮೇಲೆ ಅದೇ ಕೆಲಸ, ಅದೇ ಟ್ಯಾಬ್‌ಗಳು. ಬಳಕೆಯ ಅಂಕಿ ಸಲೀಸಾಗಿ ಹತ್ತು ಜಿಬಿ ದಾಟಿ ನಿಂತಿತು. ಅಂದರೆ ಯಂತ್ರಕ್ಕೆ ಅಷ್ಟು ಬೇಕಾಗಿತ್ತು, ಇಲ್ಲದ್ದರಿಂದ ಹಿಂಡಿಕೊಂಡು ನಡೆಯುತ್ತಿತ್ತು. ಬಿಳಿ ಪರದೆ ಹೋಯಿತು, ಟ್ಯಾಬ್‌ಗಳು ಇಟ್ಟಲ್ಲೇ ಇರತೊಡಗಿದವು. ಮಗಳ ತರಗತಿ ನಡೆಯುವಾಗಲೂ ಟ್ಯಾಲಿ ಮುಚ್ಚಬೇಕಾಗಿಲ್ಲ. ಇನ್ನೊಂದು ಲಾಭವೂ ಇದೆ. ಒಂದೇ ಕಡ್ಡಿ ಇದ್ದಾಗ ಪ್ರೊಸೆಸರ್‌ಗೆ ಮೆಮೊರಿಯ ಒಂದೇ ದಾರಿ. ಎರಡಾದರೆ ಎರಡು ದಾರಿ, ಗ್ರಾಫಿಕ್ಸ್ ಇದರಿಂದ ಚುರುಕಾಗುತ್ತದೆ. ಇಂಟೆಲ್‌ನ ‘ಐರಿಸ್ ಎಕ್ಸ್‌ಇ’ ಗ್ರಾಫಿಕ್ಸ್ ಇರುವ ಐ5 ಯಂತ್ರಗಳಲ್ಲಂತೂ ಒಂದೇ ಕಡ್ಡಿ ಹಾಕಿದರೆ ಆ ಹೆಸರೇ ಹೋಗಿ ಬರಿಯ ‘ಯುಎಚ್‌ಡಿ’ ಎಂದು ತೋರಿಸುತ್ತದೆ. ನನ್ನ ಐ3ರಲ್ಲಿ ಹೆಸರು ಎರಡೂ ಸ್ಥಿತಿಯಲ್ಲಿ ಯುಎಚ್‌ಡಿಯೇ, ಲೆಕ್ಕದ ಕೆಲಸದಲ್ಲಿ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಕಾರವಾರದಲ್ಲಿರುವ ನನ್ನ ತಂಗಿಗೆ ಈ ಭಾಗ್ಯ ಸಿಗಲಿಲ್ಲ. ಅವಳದ್ದು ತೆಳ್ಳಗಿನ, ಚೆಂದದ, ನನ್ನದಕ್ಕಿಂತ ದುಬಾರಿ ಯಂತ್ರ. ಮೆಮೊರಿ ಬೋರ್ಡಿಗೇ ಬೆಸುಗೆ ಹಾಕಿದ 8 ಜಿಬಿ, ಸ್ಲಾಟ್ ಇಲ್ಲ. ಅವಳಿಗೆ ಉಳಿದಿರುವುದು ಟ್ಯಾಬ್ ಮುಚ್ಚುವುದು ಅಥವಾ ಹೊಸದು ಕೊಳ್ಳುವುದು. ನ್ಯಾಯವಾಗಿ ಹೇಳಬೇಕೆಂದರೆ ಕರಾವಳಿಯಲ್ಲಿ ಬೆಸುಗೆಯ ಮೆಮೊರಿಗೆ ಒಂದು ಗುಣವಿದೆ. ಉಪ್ಪು ಗಾಳಿ, ತೇವಕ್ಕೆ ಕಡ್ಡಿಯ ಸಂಪರ್ಕದ ಪಟ್ಟಿಗಳು ಮಂಕಾಗಿ ಯಂತ್ರ ಚಾಲೂ ಆಗದೆ ಹೋಗುವುದು, ದುರಸ್ತಿಯವರು ಅವನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಅಲ್ಲಿ ಮಾಮೂಲು. ಬೆಸುಗೆಯದ್ದಕ್ಕೆ ಆ ತಾಪತ್ರಯವಿಲ್ಲ. ಆದರೂ ರಬ್ಬರಿಗೆ ಐದು ರೂಪಾಯಿ, ಹೊಸ ಯಂತ್ರಕ್ಕೆ ನಲವತ್ತು ಸಾವಿರ.

ಕೊಳ್ಳುವ ಮೊದಲು ವಿವರ ಪಟ್ಟಿಯಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ. ಮೆಮೊರಿಯ ಮುಂದೆ ‘ಎಲ್‌ಪಿಡಿಡಿಆರ್’ ಎಂದಿದ್ದರೆ ಈ ದರದ ಯಂತ್ರಗಳಲ್ಲಿ ಅದು ಬೆಸುಗೆಯದ್ದು, ಅಲ್ಲಿಗೆ ಮುಗಿಯಿತು. ಬರಿಯ ‘ಡಿಡಿಆರ್4’ ಅಥವಾ ‘ಡಿಡಿಆರ್5’ ಎಂದಿದ್ದರೆ ಸ್ಲಾಟ್ ಎಷ್ಟು, ಖಾಲಿ ಎಷ್ಟು ಎಂದು ಕೇಳಿ. ಅಂಗಡಿಯವರ ಬಾಯಿಮಾತು ಸಾಲದು, ಕಂಪನಿಯ ಜಾಲತಾಣದಲ್ಲಿ ಅದೇ ಮಾದರಿ ಸಂಖ್ಯೆ ಹಾಕಿ ನೋಡಿ. ಒಂದೇ ಹೆಸರಿನ ಯಂತ್ರದಲ್ಲಿ ಕೊನೆಯ ಎರಡು ಅಕ್ಷರ ಬದಲಾದರೆ ಸ್ಲಾಟ್ ಮಾಯವಾಗಿರುತ್ತದೆ.

ಉಳಿದ ವಿಷಯ ಬೇಗ ಮುಗಿಸುತ್ತೇನೆ. ಪರದೆ ಮಂಕು, ಜಗಲಿಯಲ್ಲಿ ಹಗಲು ಹೊತ್ತು ಕೂತರೆ ನನ್ನ ಮುಖವೇ ಕಾಣುತ್ತದೆ. ಬ್ಯಾಟರಿ ಹೊಸದರಲ್ಲಿ ಐದು ತಾಸು ಬರುತ್ತಿತ್ತು, ಈಗ ಮೂರಕ್ಕಿಂತ ಕಡಿಮೆ. ಮಳೆಗಾಲದಲ್ಲಿ ಚೀಲದೊಳಗೇ ಬಿಟ್ಟರೆ ಚೀಲಕ್ಕೂ ಕೀಲಿಮಣೆಗೂ ಬೂಷ್ಟು ಬರುತ್ತದೆ, ಹೊರಗಿಟ್ಟು ದಿನವೂ ಚಾಲೂ ಮಾಡಿದರೆ ಬರುವುದಿಲ್ಲ. ಕಂಪನಿಯ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿ, ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಮನೆಗೇ ಬಂದು ದುರಸ್ತಿ ಎಂಬ ವಾರಂಟಿಯ ಮಾತಿಗೆ ಘಟ್ಟದ ಮೇಲೆ ಎಷ್ಟು ಬೆಲೆ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಮುಖ್ಯ ಸಂಗತಿ ಇದೆ. ನಾನು 2024ರಲ್ಲಿ ಮಾಡಿದ ಅಗ್ಗದ ಉಪಾಯ ಈಗ ಅಗ್ಗವಲ್ಲ. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಕಾದ ಮೆಮೊರಿಯ ಕಡೆಗೆ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೂ ತಿರುಗಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಸಾಮಾನ್ಯ ಮೆಮೊರಿಯ ದರ ಜಿಗಿಯಿತು. ನಮ್ಮಂಥ ಗ್ರಾಹಕರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ಕಡ್ಡಿ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರದಿಂದಲೇ ಹೊರಬರುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದೇ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಧಿಕೃತ ಬೆಂಬಲ ಮುಗಿದು, ಹಳೆಯ ಯಂತ್ರ ಇಟ್ಟುಕೊಂಡಿದ್ದವರೂ ಅಂಗಡಿಯ ಕಡೆ ಮುಖ ಮಾಡಿದ್ದಾರೆ. ಈ ಹೊತ್ತಿನಲ್ಲಿ ಕಂಪನಿಗಳು 8 ಜಿಬಿಯನ್ನು ಬಿಟ್ಟು ಮೇಲೇರುತ್ತವೆ ಎಂಬ ಆಸೆ ನನಗಿಲ್ಲ.

ಮಗಳು ಬರುವ ಜೂನ್‌ನಲ್ಲಿ ಕಾಲೇಜಿಗೆ ಹೋಗುತ್ತಾಳೆ, ಅವಳಿಗೊಂದು ಯಂತ್ರ ಬೇಕು. ನೋಡಿಟ್ಟಿರುವುದು ಎರಡು ದಾರಿ. ಒಂದು, ಪ್ರೊಸೆಸರ್ ಒಂದೆರಡು ತಲೆಮಾರು ಹಿಂದಿನದಾದರೂ ಸರಿ, ಕಾರ್ಖಾನೆಯಿಂದಲೇ 16 ಜಿಬಿ ಹಾಕಿ ಬಂದಿರುವ ಹಳೆಯ ದಾಸ್ತಾನು. ಇನ್ನೊಂದು, ಕಚೇರಿಗಳಿಂದ ಹೊರಬಂದು ನವೀಕರಿಸಿ ಮಾರುವ ಗಟ್ಟಿ ಯಂತ್ರ. ಅದರಲ್ಲಿ ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು, ಇಲ್ಲದಿದ್ದರೆ ವಿಂಡೋಸ್ 11ಕ್ಕೆ ಅಧಿಕೃತ ಮನ್ನಣೆ ಇಲ್ಲ. ಎರಡರಲ್ಲಿ ಯಾವುದಾದರೂ ಅಂಗಡಿಯವನಿಗೆ ಹಣ ಎಣಿಸುವ ಮೊದಲು ಹಿಂಬದಿಯ ಮುಚ್ಚಳ ತೆಗೆಸಿ ಒಳಗೆ ನೋಡುವುದೆಂದು ಮಗಳೂ ನಾನೂ ಮಾತಾಡಿಕೊಂಡಿದ್ದೇವೆ. ಹೊಸ ಯಂತ್ರಕ್ಕೆ ಅಂಗಡಿಯವನು ಒಪ್ಪದಿದ್ದರೆ ಮಾದರಿ ಸಂಖ್ಯೆ ಬರೆದುಕೊಂಡು ಮನೆಗೆ ಬರುತ್ತೇವೆ.