ಬಿಳಿ ಗುಲಾಬಿ: ಐಸ್‌ಬರ್ಗ್, ಪಾಸ್ಕಾಲಿ, ಕೆನಡಿ... ಹಲವು ಮಳೆಗಾಲ ಕಂಡ ಮೇಲೆ ಬರೆದ ವಿಮರ್ಶೆ

ಬಿಳಿ ಗುಲಾಬಿ ಗಿಡ ತರೋಣ ಅಂತ ನರ್ಸರಿಗೆ ಹೋದವರೆಲ್ಲ ಅರಳಿದ ಹೂವನ್ನು ನೋಡುತ್ತಾರೆ. ನಾನು ಈಗೀಗ ಅದೇ ಗಿಡದಲ್ಲಿ ಬಾಡಿದ ಹೂ ಎಲ್ಲಾದರೂ ಇದೆಯಾ ಅಂತ ಹುಡುಕುತ್ತೇನೆ. ಕೆಂಪು ಗುಲಾಬಿ ಅರಳಿ ಮೂರು ದಿನವಾಗಿದ್ದರೂ ದೂರದಿಂದ ಗೊತ್ತಾಗುವುದಿಲ್ಲ. ಬಿಳಿಯದರಲ್ಲಿ ಒಂದೇ ಒಂದು ಹನಿಯ ಕಲೆಯೂ ಎದ್ದು ಕಾಣುತ್ತದೆ. ಬಿಸಿಲಿಗೆ ಎಸಳಿನ ಅಂಚು ಕಂದಾಗುತ್ತದೆ. ಮಳೆಗೆ ಮೊಗ್ಗು ಅರ್ಧಕ್ಕೇ ನಿಂತುಬಿಡುತ್ತದೆ. ಕೆಲವು ತಳಿಗಳ ಹೂವಂತೂ ಬಾಡಿದ ಮೇಲೂ ಉದುರುವುದಿಲ್ಲ, ನೆನೆದ ಟಿಶ್ಯೂ ಪೇಪರ್ ಹಾಗೆ ಕೊಂಬೆಗೆ ಅಂಟಿಕೊಂಡು ಕೂತಿರುತ್ತದೆ. ಹಾಗಾಗಿ ನನ್ನ ಪ್ರಕಾರ ಬಿಳಿ ಗುಲಾಬಿಗೆ ಅಂಕ ಕೊಡಬೇಕಾದ್ದು ಅದು ಹೇಗೆ ಬಾಡುತ್ತದೆ ಅನ್ನುವುದನ್ನು ನೋಡಿ.

ಮೊದಲೇ ಹೇಳಿಬಿಡುತ್ತೇನೆ, ನಮ್ಮದು ಮೈಸೂರು. ಮನೆ ಮುಂದೆ ಕೆಂಪು ಮಣ್ಣಿನ ಸಣ್ಣ ಜಾಗ, ತಾರಸಿಯ ಮೇಲೆ ಒಂದಿಷ್ಟು ಕುಂಡಗಳು. ಮೇ ತಿಂಗಳಲ್ಲಿ ಗುಡುಗು ಮಳೆ, ಜುಲೈ ಪೂರ್ತಿ ಜಿಟಿಜಿಟಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮತ್ತೆ ಜೋರು. ಬೇಸಿಗೆಯಲ್ಲಿ 35 ಡಿಗ್ರಿ ದಾಟುವುದು ಮಾಮೂಲು. ಚಳಿ ಅಂದರೆ ಬೆಳಗ್ಗೆ ಒಂದು ಸ್ವೆಟರ್ ಹಾಕಿಕೊಳ್ಳುವಷ್ಟು. ಬೆಂಗಳೂರು, ಹಾಸನ, ತುಮಕೂರಿನವರಿಗೆ ನನ್ನ ಅನುಭವ ಹೆಚ್ಚು ಕಡಿಮೆ ಹೊಂದುತ್ತದೆ. ಮಂಗಳೂರಿನ ಮಳೆಗೆ, ಕಲಬುರಗಿಯ ಬಿಸಿಲಿಗೆ ಲೆಕ್ಕ ಬೇರೆ.

ಐಸ್‌ಬರ್ಗ್‌ನಿಂದ ಶುರು ಮಾಡುತ್ತೇನೆ. ಜರ್ಮನಿಯ ಕೋರ್ಡೆಸ್ ಸಂಸ್ಥೆ 1958ರಲ್ಲಿ ಹೊರತಂದ ತಳಿ ಇದು. ವಿಶ್ವ ಗುಲಾಬಿ ಸಂಘಗಳ ಒಕ್ಕೂಟ 1983ರಲ್ಲಿ ಇದನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿತು. ಫ್ಲೋರಿಬಂಡಾ ಜಾತಿ, ಅಂದರೆ ಒಂದೊಂದು ಕಡ್ಡಿಯ ತುದಿಯಲ್ಲೂ ಗೊಂಚಲು ಗೊಂಚಲಾಗಿ ಹೂ. ಮುಳ್ಳು ಕಡಿಮೆ. ಎಲೆ ತಿಳಿ ಹಸಿರು, ಹೊಳಪಿನದು. ಮಕ್ಕಳು ಓಡಾಡುವ ದಾರಿಯ ಪಕ್ಕದಲ್ಲಿಟ್ಟರೂ ಅಷ್ಟೇನೂ ತೊಂದರೆಯಿಲ್ಲ.

ಇದರ ಗುಣ ಗೊತ್ತಾಗಿದ್ದು ಮಳೆಗಾಲದಲ್ಲಿ. ಒಂದು ಹೂವಿಗೆ ಎಸಳು ಇಪ್ಪತ್ತು, ಇಪ್ಪತ್ತೈದು ಅಷ್ಟೇ. ಪೂರ್ತಿ ಬಿಚ್ಚಿಕೊಂಡಾಗ ಮಧ್ಯದ ಹಳದಿ ಕೇಸರಗಳು ಕಾಣುತ್ತವೆ. ಎಸಳು ಕಡಿಮೆ ಇರುವುದರಿಂದ ನೀರು ಒಳಗೆ ನಿಲ್ಲುವುದಿಲ್ಲ, ಸ್ವಲ್ಪ ಗಾಳಿ ಬಂದರೂ ಒಣಗುತ್ತದೆ. ವಯಸ್ಸಾದ ಹೂ ತಾನಾಗೇ ಎಸಳು ಕಳಚಿಕೊಂಡು ಬೀಳುತ್ತದೆ. ಬೆಳಗ್ಗೆ ಅಂಗಳ ಗುಡಿಸುವಾಗ ಬುಡದಲ್ಲಿ ಬಿಳಿ ಎಸಳು ಹಾಸಿರುತ್ತದೆ, ಮೇಲೆ ಗೊಂಚಲಿನಲ್ಲಿ ಹೊಸ ಮೊಗ್ಗು ಬಿಚ್ಚಿಕೊಂಡಿರುತ್ತದೆ. ಗಿಡ ಯಾವಾಗ ನೋಡಿದರೂ ಚೊಕ್ಕಟವಾಗಿರುವುದಕ್ಕೆ ಇದೇ ಕಾರಣ. ಡಿಸೆಂಬರ್, ಜನವರಿಯಲ್ಲಿ ಮೊಗ್ಗಿನ ಮೇಲೆ ತೆಳುವಾಗಿ ಗುಲಾಬಿ ಛಾಯೆ ಬರುತ್ತದೆ. ಗಾಬರಿ ಬೇಡ, ಅದು ಚಳಿಗೆ ಬರುವ ಬಣ್ಣ.

ಈ ಉದುರುವ ಗುಣವೇ ನಮ್ಮತ್ತೆಗೆ ಆಗಿಬರುವುದಿಲ್ಲ. "ದೇವರ ಮನೆ ತಲುಪೋಷ್ಟರಲ್ಲಿ ತಟ್ಟೆ ತುಂಬ ಎಸಳು, ಕೈಯಲ್ಲಿ ಬರೀ ತೊಟ್ಟು. ಏನೇ ಇದು ನಿನ್ನ ಹೂವು?" ಅಂತಾರೆ. ನಿಜವೇ. ಪೂಜೆಗೆ ಬೇಕಿದ್ದರೆ ಅರೆಬಿರಿದ ಹೂವನ್ನೇ ಕೊಯ್ಯಬೇಕು. ಹೂದಾನಿಗೂ ಇದು ಅಂಥಾ ಒಳ್ಳೆಯದಲ್ಲ. ಪರಿಮಳ ಇದೆ, ಆದರೆ ಮೂಗು ಹತ್ತಿರ ಒಯ್ದರೆ ಮಾತ್ರ.

ದೊಡ್ಡ ದೋಷ ಅಂದರೆ ಕಪ್ಪು ಚುಕ್ಕೆ ರೋಗ. ಎಲೆಯ ಮೇಲೆ ಅಂಚು ಹರಿದಂತಿರುವ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ, ಆಮೇಲೆ ಎಲೆ ಬೀಳುತ್ತದೆ. ಜುಲೈನಲ್ಲಿ ಬಿಟ್ಟುಬಿಟ್ಟರೆ ಆಗಸ್ಟ್ ಹೊತ್ತಿಗೆ ಗಿಡದ ಕೆಳಭಾಗ ಬೋಳು. ಈ ಶಿಲೀಂಧ್ರ ಬೇರೂರಲು ಎಲೆ ಏಳೆಂಟು ಗಂಟೆ ಒದ್ದೆಯಾಗೇ ಇರಬೇಕು. ಮಳೆಯನ್ನಂತೂ ನಿಲ್ಲಿಸೋಕಾಗಲ್ಲ. ಸಂಜೆ ಪೈಪ್ ಹಿಡಿದು ಗಿಡದ ತಲೆ ಮೇಲೆ ನೀರು ಬಿಡುವುದನ್ನಾದರೂ ನಿಲ್ಲಿಸಬಹುದು ಅಲ್ವಾ? ನಾನು ಬೆಳಗ್ಗೆ, ಬುಡಕ್ಕೆ ಮಾತ್ರ ಹಾಕುತ್ತೇನೆ. ಚುಕ್ಕೆ ಬಿದ್ದ ಎಲೆಗಳನ್ನು ಆರಿಸಿ ಕಸಕ್ಕೆ ಹಾಕುತ್ತೇನೆ, ಗೊಬ್ಬರದ ಗುಂಡಿಗೆ ಹಾಕುವುದಿಲ್ಲ. ನಡುವಿನ ಒತ್ತಾದ ಕೊಂಬೆಗಳನ್ನು ತೆಗೆದು ಗಾಳಿ ಆಡುವಂತೆ ಮಾಡಿದ ಮೇಲೆ ರೋಗ ಪೂರ್ತಿ ಹೋಗದಿದ್ದರೂ ಹತೋಟಿಗೆ ಬಂದಿದೆ.

ಇದರದ್ದೇ ಬಳ್ಳಿ ರೂಪ ಕ್ಲೈಂಬಿಂಗ್ ಐಸ್‌ಬರ್ಗ್. 1968ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. ಗೇಟಿನ ಕಮಾನಿಗೆ ಹಬ್ಬಿಸಿದ್ದೇನೆ. ತಾಳ್ಮೆ ಬೇಕು, ಮೊದಲ ವರ್ಷ ಬರೀ ಕಡ್ಡಿ ಬೆಳೆಸುತ್ತದೆ. ಉದ್ದ ಕಡ್ಡಿಗಳನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ ತುದಿಯಲ್ಲಿ ಮಾತ್ರ ಹೂ, ಅದು ಪಕ್ಕದ ಮನೆಯವರ ಮಹಡಿಗೆ ಕಾಣುತ್ತದೆ, ನಮಗಲ್ಲ. ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ಒಂದೊಂದು ಗೆಣ್ಣಿನಿಂದಲೂ ಪಕ್ಕದ ಚಿಗುರು ಹೊರಟು ಉದ್ದಕ್ಕೂ ಹೂ ಬಿಡುತ್ತದೆ. ಕಟ್ಟುವುದಕ್ಕೆ ತಂತಿ ಬೇಡ, ಹಳೇ ಬಟ್ಟೆಯ ಪಟ್ಟಿ ಸಾಕು.

ಎರಡನೆಯದು ಪಾಸ್ಕಾಲಿ. ಬೆಲ್ಜಿಯಂನ ಲೂಯಿ ಲೆನ್ಸ್ 1963ರಲ್ಲಿ ಬಿಡುಗಡೆ ಮಾಡಿದ್ದು, 1991ರಲ್ಲಿ ಇದೂ ಹಾಲ್ ಆಫ್ ಫೇಮ್ ಸೇರಿತು. ಹೈಬ್ರಿಡ್ ಟೀ ಜಾತಿ. ಉದ್ದ ಕಡ್ಡಿ, ತುದಿಗೊಂದು ಹೂ, ನಾವು ಚಿಕ್ಕಂದಿನಲ್ಲಿ ಚಿತ್ರ ಬರೆಯುತ್ತಿದ್ದ ಗುಲಾಬಿಯ ಆಕಾರ. ಬಣ್ಣ ಅಪ್ಪಟ ಬಿಳಿಯಲ್ಲ, ಒಳಗೆ ಕೆನೆ ಬಣ್ಣ ಇಣುಕುತ್ತದೆ. ಹೂ ತೀರಾ ದೊಡ್ಡದೂ ಅಲ್ಲ. ವಾಸನೆ ಅಷ್ಟಕ್ಕಷ್ಟೇ. ಇಷ್ಟು ಕೇಳಿದರೆ ಯಾಕಪ್ಪಾ ಇದು ಅನ್ನಿಸಬಹುದು. ಆದರೆ ಹೈಬ್ರಿಡ್ ಟೀ ಬಿಳಿಗಳಲ್ಲಿ ಮಳೆ ತಡೆದುಕೊಳ್ಳುವುದಕ್ಕೆ ನಾನು ಬೆಳೆಸಿದವುಗಳಲ್ಲಿ ಇದಕ್ಕೆ ಸಾಟಿ ಇಲ್ಲ. ಸೆಪ್ಟೆಂಬರ್‌ನ ಜಡಿಮಳೆ ಮುಗಿದ ಬೆಳಗ್ಗೆ ಉಳಿದ ಗಿಡಗಳಲ್ಲಿ ಮೊಗ್ಗುಗಳು ಮುದ್ದೆಯಾಗಿ ತಲೆ ಬಗ್ಗಿಸಿರುತ್ತವೆ, ಪಾಸ್ಕಾಲಿ ನೆಟ್ಟಗೆ ನಿಂತಿರುತ್ತದೆ. ಹೂದಾನಿಯಲ್ಲೂ ಚೆನ್ನಾಗಿ ಬಾಳುತ್ತದೆ. ಹೊರಗಿನ ಎರಡು ಎಸಳು ಬಿಚ್ಚಿದ ಹಂತದಲ್ಲಿ ಬೆಳಗ್ಗೆಯೇ ಕೊಯ್ದು ತಕ್ಷಣ ನೀರಿಗೆ ಹಾಕಬೇಕು. ನಮ್ಮತ್ತೆಯ ಓಟು ಇದಕ್ಕೇ. ಸರಸ್ವತಿ ಪೂಜೆಯ ದಿನ ಇದರ ಹತ್ತಿರ ಬೇರೆ ಯಾರೂ ಸುಳಿಯುವಂತಿಲ್ಲ.

ಗಿಡದ ನೋಟ ಮಾತ್ರ ಸಾಧಾರಣ. ಕಡ್ಡಿ ಕಡ್ಡಿಯಾಗಿ ಎತ್ತರ ಹೋಗುತ್ತದೆ, ಬುಡ ಖಾಲಿ ಖಾಲಿ. ಚಳಿಗಾಲದಲ್ಲಿ ಚಿಗುರಿಗೆ ಬೂದಿ ರೋಗ ಬರುತ್ತದೆ. ಮುಂದೆ ಯಾವುದಾದರೂ ಗಿಡ್ಡ ಗಿಡ ಇಟ್ಟರೆ ಮುಚ್ಚಿಹೋಗುತ್ತದೆ.

ಇನ್ನು ಜಾನ್ ಎಫ್. ಕೆನಡಿ. ಅಮೆರಿಕದ ಅಧ್ಯಕ್ಷರು 1963ರಲ್ಲಿ ಹತ್ಯೆಯಾದ ಎರಡು ವರ್ಷಕ್ಕೆ, 1965ರಲ್ಲಿ, ಅವರ ಹೆಸರಿಟ್ಟು ಬಂದ ಗುಲಾಬಿ. ಜಾಕ್ಸನ್ ಅಂಡ್ ಪರ್ಕಿನ್ಸ್ ಕಂಪನಿಯ ಯೂಜಿನ್ ಬೋರ್ನರ್ ಬೆಳೆಸಿದ್ದು. ಮೊಗ್ಗಿಗೆ ತಿಳಿ ಹಸಿರು ಛಾಯೆ, ಹೂ ದೊಡ್ಡದು, ಎಸಳು ದಪ್ಪ, ಪರಿಮಳ ಚೆನ್ನಾಗಿದೆ. ಫೆಬ್ರವರಿ, ಮಾರ್ಚ್‌ನ ಒಣ ಬಿಸಿಲಿನಲ್ಲಿ ಇದು ಅರಳಿದಾಗ ದಾರಿಯಲ್ಲಿ ಹೋಗುವವರು ನಿಂತು ಕೇಳಿದ್ದುಂಟು. ಜುಲೈನಲ್ಲಿ ಅದೇ ಗಿಡವನ್ನು ನೋಡಬೇಕು ನೀವು. ಒತ್ತೊತ್ತಾದ ಎಸಳುಗಳ ನಡುವೆ ನೀರು ನಿಂತು ಹೊರಗಿನ ಪದರ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮೊಗ್ಗು ಬಿಚ್ಚುವುದೇ ಇಲ್ಲ. ಒಳಗಿನಿಂದ ಕೊಳೆತು ಕಂದಾಗಿ ಅಲ್ಲೇ ನೇತಾಡುತ್ತದೆ. ಕೈಯಿಂದ ಹೊರ ಎಸಳು ಬಿಡಿಸಿಕೊಟ್ಟರೆ ಕೆಲವು ಅರಳುತ್ತವೆ, ಆದರೆ ದಿನಾ ಆ ಸೇವೆ ಯಾರು ಮಾಡ್ತಾರೆ? ನಾನು ಇದನ್ನು ಕುಂಡಕ್ಕೆ ಹಾಕಿದ್ದೇನೆ. ಮಳೆಗಾಲದಲ್ಲಿ ತಾರಸಿಯ ಶೀಟಿನ ಅಂಚಿಗೆ, ಬೆಳಗಿನ ಬಿಸಿಲು ಬೀಳುವ ಕಡೆ ಸರಿಸುತ್ತೇನೆ. ಮಳೆ ಕಡಿಮೆ ಇರುವ ಬಯಲುಸೀಮೆಯವರು ಮಾತ್ರ ಇದನ್ನು ಖಂಡಿತ ಬೆಳೆಸಬೇಕು. ಚಿತ್ರದುರ್ಗದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇದರ ಹೂ ನಮ್ಮ ಮನೆಯದಕ್ಕಿಂತ ಯಾವಾಗಲೂ ಚೆಂದ.

ಇಂಗ್ಲೆಂಡಿನ ಗುಲಾಬಿ ತಳಿಗಾರ ಡೇವಿಡ್ ಆಸ್ಟಿನ್‌ರ ವಿಂಚೆಸ್ಟರ್ ಕೆಥೀಡ್ರಲ್ ಬಗ್ಗೆ ಸುಮಾರು ಜನ ಕೇಳುತ್ತಾರೆ. 1988ರ ತಳಿ, ಮೇರಿ ರೋಸ್ ಅನ್ನುವ ಗುಲಾಬಿ ಬಣ್ಣದ ಗಿಡದಲ್ಲಿ ತಾನಾಗೇ ಹುಟ್ಟಿದ ಬಿಳಿ ಕೊಂಬೆಯಿಂದ ಬಂದದ್ದು. ತಾಯಿಯ ಬಣ್ಣವನ್ನು ಪೂರ್ತಿ ಮರೆತಿಲ್ಲ, ಆಗಾಗ ಒಂದು ಕೊಂಬೆ ಗುಲಾಬಿ ಬಣ್ಣದ ಹೂ ಬಿಟ್ಟುಬಿಡುತ್ತದೆ. ಹಾಗಾದರೆ ಆ ಕೊಂಬೆಯನ್ನು ಬುಡದಲ್ಲೇ ತೆಗೆಯಿರಿ, ಅಥವಾ ಇರಲಿ ಬಿಡಿ, ಮಜವಾಗಿರುತ್ತದೆ. ಪರಿಮಳ ಬಹಳ ಚೆನ್ನಾಗಿದೆ. ಆದರೆ ಬೆಲೆ ಜಾಸ್ತಿ, ನಮ್ಮ ಬೇಸಿಗೆಯಲ್ಲಿ ಹೂ ಚಿಕ್ಕದಾಗಿ ಬೇಗ ಉದುರುತ್ತದೆ. ಕೊಡಗು, ಚಿಕ್ಕಮಗಳೂರಿನ ತಂಪಿಗೆ ಸರಿಹೋದೀತು.

ನಮ್ಮ ದೇಶದ್ದೇ ಬೇಕು ಅನ್ನುವವರಿಗೆ ಡಾ. ಹೋಮಿ ಭಾಭಾ ಹೆಸರಿನ ಬಿಳಿ ಹೈಬ್ರಿಡ್ ಟೀ ಇದೆ. ಬೆಳೆಸಿದವರು ಬಿ.ಪಿ. ಪಾಲ್. ಅವರ ಕಸುಬು ಗೋಧಿ ತಳಿ ವಿಜ್ಞಾನ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರು ಅವರೇ. ಗುಲಾಬಿ ಅವರ ಹುಚ್ಚು. ಈ ಗಿಡ ಸುಲಭಕ್ಕೆ ಸಿಗುವುದಿಲ್ಲ ಅನ್ನುವುದೇ ಬೇಜಾರು. ಇನ್ನೊಂದು, ಮದುವೆ ಮನೆಯ ಬೊಕೆಯಿಂದ ಬಿಳಿ ಗುಲಾಬಿ ಕಡ್ಡಿ ತಂದು ನೆಡುವವರಿಗೆ ಒಂದು ಮಾತು. ಅವು ಹೆಚ್ಚಾಗಿ ಪಾಲಿಹೌಸ್‌ಗೆಂದೇ ಬೆಳೆಸಿದ ತಳಿಗಳು. ಬೇರು ಬಂದರೂ ನಮ್ಮ ಅಂಗಳದಲ್ಲಿ ಆ ಗಾತ್ರದ ಹೂ ಬರುವುದಿಲ್ಲ.

ಎಲ್ಲ ಬಿಳಿ ತಳಿಗಳಿಗೂ ಅಂಟಿದ ಎರಡು ಕಾಟ ಹೇಳಲೇಬೇಕು. ಒಂದು ಥ್ರಿಪ್ಸ್ ನುಸಿ. ತಿಳಿ ಬಣ್ಣದ ಹೂವಿಗೆ ಇವು ಮುತ್ತುವುದು ಜಾಸ್ತಿ. ಮಾರ್ಚ್‌ನಲ್ಲಿ ಮೊಗ್ಗಿನ ಅಂಚು ಸುಟ್ಟಂತೆ ಕಂದಾಗಿದ್ದರೆ ಬಿಸಿಲು ಅಂತ ಸುಮ್ನಾಗಬೇಡಿ. ಹೂವನ್ನು ಒಂದು ಬಿಳಿ ಹಾಳೆಯ ಮೇಲೆ ಹಿಡಿದು ತಟ್ಟಿ. ಕಣ್ಣಿಗೆ ಕಂಡೂ ಕಾಣದಂಥ, ಹಳದಿ ಕಂದು ಬಣ್ಣದ ಸಣ್ಣ ಗೀಟುಗಳು ಹಾಳೆಯ ಮೇಲೆ ಓಡಾಡುತ್ತವೆ. ಮೊಗ್ಗು ಇನ್ನೂ ಬಿಗಿಯಾಗಿರುವಾಗಲೇ ಸಂಜೆ ಬೇವಿನೆಣ್ಣೆ ಸಿಂಪಡಿಸಿದರೆ ಉಪಯೋಗ, ಹೂ ಅರಳಿದ ಮೇಲೆ ಅವು ಎಸಳಿನ ಸಂದಿಯಲ್ಲಿ ಸೇರಿಕೊಂಡಿರುತ್ತವೆ. ಕೆಟ್ಟ ಹೂಗಳನ್ನು ಕಿತ್ತು ಕವರ್‌ನಲ್ಲಿ ಕಟ್ಟಿ ಬಿಸಾಡಿ.

ಇನ್ನೊಂದು ಮಳೆಗಾಲದ ಗುಲಾಬಿ ಚುಕ್ಕೆಗಳು. ಬಿಳಿ ಎಸಳಿನ ಮೇಲೆ ಕುಂಕುಮ ನೀರು ಎರಚಿದ ಹಾಗೆ ಸಣ್ಣ ಉಂಗುರಗಳು ಮೂಡುತ್ತವೆ. ತಳಿ ಬದಲಾಯಿತು ಅಂದುಕೊಳ್ಳುವವರೂ ಇದ್ದಾರೆ. ಅದು ಬೋಟ್ರೈಟಿಸ್ ಅನ್ನುವ ಬೂಷ್ಟು. ಹಳೇ ಹೂಗಳನ್ನು ಗಿಡದ ಮೇಲೆ ಕೊಳೆಯಲು ಬಿಡದಿದ್ದರೆ ಅರ್ಧ ಕಡಿಮೆಯಾಗುತ್ತದೆ. ಬಾಡಿದ ಹೂವನ್ನು ಐದೆಲೆಯ ಗರಿಯೊಂದರ ಮೇಲೆ ಕತ್ತರಿಸಿದರೆ ಅಲ್ಲಿಂದಲೇ ಮುಂದಿನ ಚಿಗುರು ಹೊರಡುತ್ತದೆ. ಇಲ್ಲಿ ಮತ್ತೆ ಐಸ್‌ಬರ್ಗ್‌ಗೇ ಲಾಭ, ಅರ್ಧ ಕೆಲಸ ಅದೇ ಮಾಡಿಕೊಂಡಿರುತ್ತದೆ.

ಗೊಬ್ಬರದ ಬಗ್ಗೆ ಉದ್ದಕ್ಕೆ ಹೇಳುವುದೇನಿಲ್ಲ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ, ಸ್ವಲ್ಪ ಮೂಳೆ ಪುಡಿ. ದಿನಕ್ಕೆ ಆರು ಗಂಟೆ ಬಿಸಿಲು. ಬೋರ್‌ವೆಲ್ ನೀರು ಗಡಸಾಗಿದ್ದರೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ, ಅದು ಕಬ್ಬಿಣದ ಕೊರತೆ. ಮಳೆ ನೀರು ಹಿಡಿದಿಟ್ಟು ಹಾಕಿದರೆ ವ್ಯತ್ಯಾಸ ಕಾಣುತ್ತದೆ. ಸವರುವ ಕೆಲಸ ದಸರಾ ಮುಗಿದು ಮಳೆ ನಿಂತ ಮೇಲೆ. ಕತ್ತರಿಸಿದ ತುದಿಗೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಮುಲಾಮು) ಹಚ್ಚದಿದ್ದರೆ ಕಡ್ಡಿ ಮೇಲಿನಿಂದ ಕಪ್ಪಾಗಿ ಒಣಗುತ್ತಾ ಬರುತ್ತದೆ. ಸವರಿದ ಆರೇಳು ವಾರಕ್ಕೆ ಹೂ.

ಕೊಳ್ಳುವ ವಿಷಯ. ನಮ್ಮ ಕಡೆ ಬಹಳಷ್ಟು ನರ್ಸರಿಗಳಲ್ಲಿ ಚೀಟಿ ನೋಡಿ ನಂಬುವ ಹಾಗಿಲ್ಲ. ಒಂದು ಕಡೆ ಪಾಸ್ಕಾಲಿ ಅಂತ ಕೊಟ್ಟ ಗಿಡ ನಮ್ಮ ಮನೆಯಲ್ಲಿ ತಿಳಿ ಹಳದಿ ಹೂ ಬಿಟ್ಟಿತು. ಹೋಗಿ ಕೇಳಿದರೆ, "ಬಿಸಿಲಿಗೆ ಹಂಗಾಗತ್ತೆ ಮೇಡಂ, ಚಳಿಗಾಲದಲ್ಲಿ ಬಿಳಿ ಬರತ್ತೆ" ಅಂದರು. ಎಷ್ಟೋ ಚಳಿಗಾಲ ಬಂದು ಹೋಯಿತು, ಅದು ಹಳದಿಯಾಗೇ ಇದೆ. ಹಾಗಾಗಿ ಹೂ ಇರುವ ಗಿಡವನ್ನೇ ಆರಿಸಿ. ಆಮೇಲೆ ಬುಡಕ್ಕೆ ಕಣ್ಣು ಹಾಕಿ. ಕಣ್ಣು ಕಸಿ ಮಾಡಿದ ಗಂಟು ಗಟ್ಟಿಯಾಗಿ ಕೂಡಿಕೊಂಡಿರಬೇಕು, ಅದರ ಮೇಲಿನಿಂದ ಕನಿಷ್ಠ ಎರಡು ಮೂರು ದಪ್ಪ ಕಡ್ಡಿ ಹೊರಟಿರಬೇಕು. ಗಂಟಿನ ಕೆಳಗಿನಿಂದ ಚಿಗುರು ಬಂದಿದ್ದರೆ ಅದು ಬೇರು ಗಿಡದ್ದು, ಅಂದರೆ ಕಸಿ ಕಟ್ಟಲು ಬಳಸಿದ ಕಾಡು ಗುಲಾಬಿಯದ್ದು. ಅದನ್ನು ಹಾಗೇ ಬೆಳೆಯಲು ಬಿಟ್ಟರೆ ಮೇಲಿನ ಬಿಳಿ ಗುಲಾಬಿಯನ್ನು ತಿಂದು ಹಾಕುತ್ತದೆ, ಮಣ್ಣು ಸರಿಸಿ ಹುಟ್ಟಿದ ಜಾಗದಿಂದಲೇ ಕಿತ್ತುಬಿಡಿ. ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೆ ಎರಡು ಬೆರಳಷ್ಟು ಕಾಣುತ್ತಿರಲಿ. ಗಿಡ ತರಲು ನವೆಂಬರ್ ಒಳ್ಳೆಯ ತಿಂಗಳು. ಆದರೂ ಒಂದು ಸಲ ಜುಲೈನಲ್ಲಿ, ಮಳೆ ಬಿಟ್ಟ ಮಾರನೇ ದಿನ ನರ್ಸರಿಗೆ ಸುಮ್ನೆ ಹೋಗಿಬನ್ನಿ. ಯಾವ ಬಿಳಿ ಗಿಡದ ಹೂ ಇನ್ನೂ ನೋಡುವ ಹಾಗಿದೆಯೋ ಅದರ ಹೆಸರು ಬರೆದಿಟ್ಟುಕೊಂಡು ಬಂದರೆ ಆಯಿತು.