ಗ್ರೀನ್ ಮುಚ್ಚುವ ಮೊದಲು ತಳ ನೋಡಿ: ಸ್ವಂತ ಗಾಲ್ಫ್ ಮೈದಾನ ಕಟ್ಟಲು ಹೊರಟವರಿಗೆ

ಐದನೆಯ ಗ್ರೀನಿನ, ಅಂದರೆ ಚೆಂಡು ಬೀಳಿಸುವ ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಅಂಗಳದ, ತಗ್ಗು ಮೂಲೆಯಲ್ಲಿ ಹುಲ್ಲು ಹಳದಿಯಾಗುತ್ತಿರುವುದನ್ನು ಮೊದಲು ಕಂಡವನು ನನ್ನ ಅಣ್ಣ. ಗೊಬ್ಬರ ಸಾಲದೆ ಹೀಗಾಗಿರಬೇಕು ಎಂದು ಗೊಬ್ಬರ ಹಾಕಿದೆವು. ರೋಗವಿರಬೇಕು ಎಂದು ಔಷಧ ಸಿಂಪಡಿಸಿದೆವು. ಮೂರನೆಯ ವಾರ ನಾನೇ ಸಲಿಕೆ ಹಿಡಿದು ಒಂದು ಚೌಕ ಕತ್ತರಿಸಿ ಮೇಲೆತ್ತಿದೆ. ಬೇರುಗಳು ಎರಡು ಸೆಂಟಿಮೀಟರ್ ಕೂಡ ಇಳಿದಿರಲಿಲ್ಲ. ಅವುಗಳ ಕೆಳಗೆ ಇದ್ದಿಲಿನಂತೆ ಕಪ್ಪಾದ ಒಂದು ಪದರವಿತ್ತು, ಅದರಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ನೀರು ಬಸಿಯದೆ, ಗಾಳಿಯಾಡದೆ ಮರಳಿನೊಳಗಿನ ಬೇರು, ಕಸ ಕೊಳೆತಾಗ ಬರುವ ವಾಸನೆ ಅದು. ಆ ಗ್ರೀನಿನ ಮೇಲೆ ಆಟ ಶುರುವಾಗಿ ಎಂಟು ತಿಂಗಳೂ ತುಂಬಿರಲಿಲ್ಲ.

ನಮ್ಮ ಕುಟುಂಬದ 60 ಎಕರೆಯಲ್ಲಿ 9 ಹೋಲ್‌ಗಳ ಖಾಸಗಿ ಮೈದಾನ ಕಟ್ಟಿದೆವು. ಮೊದಲ ಹೊಡೆತದ ಜಾಗದಿಂದ ಗ್ರೀನಿನ ಕುಳಿಯವರೆಗಿನ ಆಟದ ಹಾದಿಯೇ ಒಂದು ಹೋಲ್. 18 ಹೋಲ್‌ಗಳಿಗೆ ಸಾಮಾನ್ಯವಾಗಿ 120ರಿಂದ 200 ಎಕರೆ ಬೇಕಾಗುವುದರಿಂದ ಆ ಆಸೆಯನ್ನು ಮೊದಲೇ ಬಿಟ್ಟಿದ್ದೆವು. ನಕ್ಷೆ ಬರೆದ ವಿನ್ಯಾಸಕಾರರ ಬಗ್ಗೆ ನನಗೆ ಇಂದಿಗೂ ತಕರಾರಿಲ್ಲ. ಬೆಳಗಿನ ಮೊದಲ ಹೊಡೆತಕ್ಕೆ ಸೂರ್ಯ ಎದುರಾಗಬಾರದು, ಸಂಜೆಯ ಕೊನೆಯ ಹೋಲ್ ಪಶ್ಚಿಮಕ್ಕೆ ಮುಖ ಮಾಡಬಾರದು ಎಂಬುದನ್ನೂ ಅವರು ಲೆಕ್ಕ ಹಾಕಿದ್ದರು. ಆ ನಕ್ಷೆಗೆ ಮರುಳಾಗಿ ಬಂಕರಿನ (ಮರಳುಗುಂಡಿಯ) ಆಕಾರ, ಮರಗಳ ಸಾಲು ಎಂದು ನಾವು ತಿಂಗಳುಗಟ್ಟಲೆ ಚರ್ಚಿಸಿದೆವು. ಕೊಳವೆ, ಜಲ್ಲಿ, ಮರಳಿನ ವಿವರವಿದ್ದ ಹಾಳೆಗಳನ್ನು ಮಾತ್ರ ಗುತ್ತಿಗೆದಾರನ ಕೈಗೆ ಕೊಟ್ಟು ಮರೆತೆವು. ನಮ್ಮ ಹಣ ಹೋದದ್ದು, ಎರಡು ವರ್ಷ ಹೋದದ್ದು ಆ ಹಾಳೆಗಳಲ್ಲಿ.

ಸೇಂಟ್ ಆಂಡ್ರ್ಯೂಸ್‌ನಂಥ ಸ್ಕಾಟ್ಲೆಂಡಿನ ಹಳೆಯ ಮೈದಾನಗಳು ಕಡಲಂಚಿನ ಮರಳುನೆಲದ ಮೇಲಿವೆ. ಅಲ್ಲಿ ಬಿದ್ದ ಮಳೆ ತಾನಾಗಿ ಇಂಗುತ್ತದೆ. ಒಳನಾಡಿನ ಜೇಡಿಮಣ್ಣಿನಲ್ಲಿ ಅಂಥ ನೆಲವನ್ನು ನಾವೇ ಪದರ ಪದರವಾಗಿ ಕಟ್ಟಬೇಕು. ಅದಕ್ಕೆ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿ, ಬಳಿಕ ತಿದ್ದುತ್ತ ಬಂದ ವಿಧಾನವೊಂದಿದೆ. ನಮ್ಮ ಕರಾರಿನಲ್ಲಿದ್ದದ್ದೂ ಅದೇ. ತಳದ ಮಣ್ಣಿನಲ್ಲಿ ಬಸಿಗಾಲುವೆ ತೋಡಿ, 10 ಸೆಂ.ಮೀ. ವ್ಯಾಸದ ತೂತುಳ್ಳ ಕೊಳವೆಗಳನ್ನು ಒಂದಕ್ಕೊಂದು 4.5 ಮೀಟರಿಗಿಂತ ದೂರವಾಗದಂತೆ ಹಾಕಬೇಕು. ಮೇಲೆ 10 ಸೆಂ.ಮೀ. ಜಲ್ಲಿ, ಜಲ್ಲಿಯ ಮೇಲೆ 30 ಸೆಂ.ಮೀ. ಮರಳಿನ ಮಿಶ್ರಣ. ಮರಳಿನ ಸಣ್ಣ ಸಂದುಗಳಲ್ಲಿರುವ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ಮರಳಿನ ತಳದಲ್ಲೇ ತಡೆದು ನಿಂತು, ಮೇಲಿನಿಂದ ಇನ್ನಷ್ಟು ನೀರು ಬಂದು ಭಾರ ಹೆಚ್ಚಿದಾಗ ಕೆಳಗೆ ಸುರಿಯುತ್ತದೆ. ಬಿಸಿಲಿನ ದಿನ ಹುಲ್ಲಿಗೆ ತೇವ ಉಳಿಯುವುದೂ ಜಡಿಮಳೆಯಲ್ಲಿ ಗ್ರೀನ್ ಕೆಸರಾಗದಿರುವುದೂ ಇದರಿಂದ. ಆದರೆ ಮರಳಿನ ಆಳ ಎಲ್ಲೆಡೆ ಒಂದೇ ಇದ್ದರೆ ಮಾತ್ರ ಇದು ನಡೆಯುತ್ತದೆ. ಅಂದರೆ, ಮೇಲೆ ಕಾಣುವ ಏರಿಳಿತ ತಳದ ಮಣ್ಣಿನಲ್ಲೂ ಹಾಗೆಯೇ ಇರಬೇಕು.

ನಮ್ಮ ಗುತ್ತಿಗೆದಾರ ತಳವನ್ನು ಬುಲ್ಡೋಜರಿನಿಂದ ಚಪ್ಪಟೆಯಾಗಿ ಸವರಿ, ಏರಿಳಿತವನ್ನೆಲ್ಲ ಮರಳಿನಲ್ಲೇ ಮಾಡಿ ಮುಗಿಸಿದ್ದ. ಕೆಲಸ ಬೇಗ ಮುಗಿಯಿತು, ಮೇಲಿನಿಂದ ಸೊಗಸಾಗಿ ಕಂಡಿತು. ಕಪ್ಪು ಪದರ ಕಂಡ ದಿನ ಕಬ್ಬಿಣದ ಸರಳು ಚುಚ್ಚಿ ಅಳೆದಾಗ ತಗ್ಗಿನಲ್ಲಿ ಸಿಕ್ಕ ಮರಳು 19 ಸೆಂ.ಮೀ., ದಿಬ್ಬದಲ್ಲಿ 46. ತಗ್ಗಿನ ಹುಲ್ಲು ಸದಾ ನೀರಿನಲ್ಲಿ ನಿಂತು ಕೊಳೆಯುತ್ತಿತ್ತು, ದಿಬ್ಬದ ಹುಲ್ಲು ಅದೇ ದಿನ ಮಧ್ಯಾಹ್ನಕ್ಕೆ ಬಾಡುತ್ತಿತ್ತು. ಒಂದಕ್ಕೆ ನೀರು ಕೊಟ್ಟರೆ ಇನ್ನೊಂದು ಸಾಯುತ್ತಿತ್ತು.

ಮರಳಿನಲ್ಲೂ ಮೋಸವಾಗಿತ್ತು. ಮಿಶ್ರಣದ ಕಣಗಳಲ್ಲಿ ಕನಿಷ್ಠ ಶೇ. 60ರಷ್ಟು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಗಾತ್ರದವು ಇರಬೇಕು, ಹೂಳಿನ ಕಣ ಶೇ. 5ನ್ನು, ಜೇಡಿ ಶೇ. 3ನ್ನು ಮೀರಬಾರದು. ಗುತ್ತಿಗೆದಾರ ತೋರಿಸಿದ ಮಾದರಿ ಪ್ರಯೋಗಾಲಯದಲ್ಲಿ ಪಾಸಾಯಿತು. ಆ ವರದಿಯನ್ನು ಫೈಲಿಗೆ ಸೇರಿಸಿ ನಾವು ನೆಮ್ಮದಿಯಾಗಿದ್ದೆವು. ಬಳಿಕ ಟಿಪ್ಪರುಗಳಲ್ಲಿ ಬಂದ ಮರಳು ಬೇರೆಯದೇ. ಗ್ರೀನಿನಿಂದ ತೆಗೆದ ಮರಳನ್ನು ಮತ್ತೆ ಪರೀಕ್ಷೆಗೆ ಕಳುಹಿಸಿದಾಗ ಅದರಲ್ಲಿ ಹೂಳೇ ಮಿತಿಯ ಮೂರು ಪಟ್ಟು ಇತ್ತು. ಗಂಟೆಗೆ ಕನಿಷ್ಠ 15 ಸೆಂ.ಮೀ. ನೀರು ಇಳಿಯಬೇಕಾದಲ್ಲಿ ಎರಡು ಸೆಂ.ಮೀ. ಇಳಿಯುತ್ತಿತ್ತು. ದಯವಿಟ್ಟು ಪ್ರತಿ ರಾಶಿಯಿಂದಲೂ ನೀವೇ ಮಾದರಿ ತೆಗೆಯಿರಿ, ಕಳುಹಿಸುವುದನ್ನೂ ನೀವೇ ಮಾಡಿ. ಮರಳು ಬಂದಿಳಿದ ತಕ್ಷಣ ಒಂದು ಗಾಜಿನ ಜಾಡಿಯಲ್ಲಿ ಹಿಡಿ ಮರಳು ಹಾಕಿ, ನೀರು ತುಂಬಿ, ಕುಲುಕಿ ಇಡಿ. ಒಳ್ಳೆಯ ಮರಳು ಕ್ಷಣದಲ್ಲಿ ತಳ ಸೇರುತ್ತದೆ. ನೀರು ಗಂಟೆಗಟ್ಟಲೆ ಬಗ್ಗಡವಾಗಿಯೇ ಉಳಿದರೆ ಟಿಪ್ಪರನ್ನು ಅಲ್ಲಿಂದಲೇ ಹಿಂದಕ್ಕೆ ಕಳುಹಿಸಿ. ಪ್ರಯೋಗಾಲಯದ ಪರೀಕ್ಷೆಯ ಜಾಗವನ್ನು ಇದು ತುಂಬುವುದಿಲ್ಲ, ಆದರೆ ನಮಗಾದಂಥ ಮೋಸ ಇಷ್ಟರಲ್ಲೇ ಬಯಲಾಗುತ್ತಿತ್ತು.

ನೀರಿನ ಲೆಕ್ಕದಲ್ಲಿ ತಪ್ಪು ನಮ್ಮದೇ. ಒಂದು ಹೆಕ್ಟೇರಿಗೆ ಒಂದು ಮಿಲಿಮೀಟರ್ ನೀರುಣಿಸಲು 10,000 ಲೀಟರ್ ಬೇಕು. ಬಿರುಬಿಸಿಲಿನಲ್ಲಿ ದಿನಕ್ಕೆ 5 ಮಿ.ಮೀ. ಎಂದು ಹಿಡಿದರೂ ನಮ್ಮ 10 ಹೆಕ್ಟೇರ್ ಹುಲ್ಲಿಗೆ 5 ಲಕ್ಷ ಲೀಟರ್. ನಾವು ಬಾವಿಯ ಇಳುವರಿ ಅಳೆದದ್ದು ಮಳೆ ಮುಗಿದ ತಿಂಗಳಿನಲ್ಲಿ, ಬಾವಿ ತುಂಬಿದ್ದಾಗ. ಒಣ ದಿನಗಳಲ್ಲಿ ಅದರ ಕಾಲು ಭಾಗವೂ ಬರಲಿಲ್ಲ. ಮಳೆನೀರಿನ ಹೊಂಡಕ್ಕೆ ತಳದಲ್ಲಿ ಜೇಡಿ ಬಡಿದು ಕೂರಿಸದ ಕಾರಣ ಅದೂ ಸೋರಿತು. ಹೊಸದಾಗಿ ನೆಟ್ಟ ಹುಲ್ಲು ಬೇರೂರುವವರೆಗೆ ದಿನಕ್ಕೆ ಹಲವು ಬಾರಿ ನೀರು ಕೇಳುತ್ತದೆ, ಒಂದು ದಿನ ತಪ್ಪಿದರೂ ಕ್ಷಮಿಸುವುದಿಲ್ಲ. ಹೊಂಡ ತುಂಬಿ, ಪಂಪು ಓಡಿ, ಸ್ಪ್ರಿಂಕ್ಲರುಗಳೆಲ್ಲ ತಿರುಗುವುದನ್ನು ಕಣ್ಣಾರೆ ನೋಡುವವರೆಗೆ ಒಂದು ಗೆಣ್ಣು ಹುಲ್ಲನ್ನೂ ಊರಬೇಡಿ.

ಇನ್ನು, ಬರೆಯಲು ನನಗೆ ಕಷ್ಟವಾಗುವ ಸಂಗತಿ. ಫೇರ್‌ವೇಗಳನ್ನು, ಅಂದರೆ ಗ್ರೀನಿನವರೆಗಿನ ಹುಲ್ಲುಹಾದಿಗಳನ್ನು, ಸಮಮಾಡುವಾಗ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಡಬೇಕಿತ್ತು. ಗುತ್ತಿಗೆದಾರ ಅದನ್ನು ಗುಂಡಿಗಳಿಗೆ ತುಂಬಿ, ಗಟ್ಟಿ ಜೇಡಿಯನ್ನು ಮೇಲೆ ಬಿಟ್ಟ. ಇಡೀ ಇಳಿಜಾರು ಹುಲ್ಲಿಲ್ಲದೆ ಬತ್ತಲಾಗಿದ್ದಾಗ ಮೊದಲ ದೊಡ್ಡ ಮಳೆ ಬಂತು. ಹೂಳು ತಡೆಯುವ ಬೇಲಿಯಿರಲಿಲ್ಲ, ಕೆಸರು ತಂಗುವ ಗುಂಡಿಯಿರಲಿಲ್ಲ. ಮರುದಿನ ಬೆಳಿಗ್ಗೆ ಕೆಳಗಿನ ಹೊಲದ ರೈತರು ಬಂದು ನನ್ನನ್ನು ಕರೆದೊಯ್ದರು. ಅವರ ಎಳೆಯ ಪೈರಿನ ಮೇಲೆ ನಮ್ಮ ಮಣ್ಣು ಗೇಣುದ್ದ ಕೂತಿತ್ತು. ಅವರು ಜಗಳವಾಡಲಿಲ್ಲ, ಬಾಗಿ ಕೈಯಿಂದ ಒಂದೊಂದೇ ಸಸಿಯ ಸುತ್ತಲಿನ ಕೆಸರು ತೆಗೆಯುತ್ತಿದ್ದರು. ನಷ್ಟ ತುಂಬಿಕೊಟ್ಟೆವು. ಆ ಸಾಲುಗಳ ನಡುವೆ ನಿಂತದ್ದನ್ನು ನಾನು ಮರೆತಿಲ್ಲ. ಒಮ್ಮೆಗೆ ಒಂದೆರಡು ಹೋಲ್‌ಗಳಷ್ಟು ನೆಲವನ್ನು ಮಾತ್ರ ಕೆದಕಿ, ಅದಕ್ಕೆ ಹಸಿರು ಹೊದಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿದ್ದರೆ ಅವರ ಬೆಳೆ ಉಳಿಯುತ್ತಿತ್ತು.

ಕರಾರಿನಲ್ಲಿ ನಾವು ಹಣದ ಕಂತುಗಳನ್ನು ತಿಂಗಳ ಲೆಕ್ಕಕ್ಕೆ ಇಟ್ಟಿದ್ದೆವು. ನೀವು ಕಂತನ್ನು ಕೆಲಸದ ಹಂತಕ್ಕೆ ಜೋಡಿಸಿ: ತಳದ ಮಟ್ಟ ಅಳೆದ ಮೇಲೆ ಒಂದು, ಕೊಳವೆಗೆ ನೀರು ಸುರಿದು ಇನ್ನೊಂದು ತುದಿಯಲ್ಲಿ ಹೊರಬಂದದ್ದನ್ನು ನೋಡಿದ ಮೇಲೆ ಒಂದು, ಜಲ್ಲಿ ಹಾಸಿದ ಮೇಲೆ ಒಂದು. ಪ್ರತಿ ಹಂತದಲ್ಲೂ ವಿನ್ಯಾಸಕಾರರು ಸ್ಥಳಕ್ಕೆ ಬಂದು ಸಹಿ ಹಾಕದೆ ಮುಂದಿನ ಪದರ ಬೀಳಬಾರದು. ನಮ್ಮ ವಿನ್ಯಾಸಕಾರರು ಇಡೀ ಕಾಮಗಾರಿಯಲ್ಲಿ ನಾಲ್ಕು ಸಲ ಬಂದರು. ಅಷ್ಟೇ ಭೇಟಿಗೆ ನಾವು ಒಪ್ಪಂದ ಮಾಡಿಕೊಂಡಿದ್ದೆವು, ಹಣ ಉಳಿಯುತ್ತದೆಂದು. ಕೊಳವೆಗಳು ನಿಜವಾಗಿ ಎಲ್ಲಿ ಹೋಗಿವೆ ಎಂಬ ನಕ್ಷೆಯನ್ನೂ ಗುತ್ತಿಗೆದಾರ ಕೊಡಲಿಲ್ಲ. ಅವುಗಳನ್ನು ಹುಡುಕಲೆಂದೇ ಎರಡು ಗ್ರೀನ್‌ಗಳ ಅಂಚನ್ನು ಸುತ್ತಲೂ ಅಗೆಯಬೇಕಾಯಿತು.

ಐದನೆಯ ಗ್ರೀನನ್ನು ತಳದವರೆಗೆ ಬಿಚ್ಚಿ ಮತ್ತೆ ಕಟ್ಟಿದ್ದೇವೆ. ಈ ಬಾರಿ ತಳದ ತುಂಬ 30 ಸೆಂ.ಮೀ. ಗುರುತಿನ ಗೂಟಗಳನ್ನು ನೆಟ್ಟು, ಮರಳು ಆ ಗುರುತಿಗೆ ಮುಟ್ಟಿದ ಮೇಲೆ ಒಂದೊಂದನ್ನೂ ಅಣ್ಣನೇ ಕಿತ್ತ. ಹೋದ ವಾರ ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ ಹೋದಾಗ ಗ್ರೀನಿನ ಮೇಲೆ ಹೆಜ್ಜೆ ಊರಿದರೂ ನೀರು ಒಸರಲಿಲ್ಲ, ಹೊರಕೊಳವೆಯ ಬಾಯಿಂದ ತಿಳಿನೀರು ಬೀಳುತ್ತಿತ್ತು. ಎರಡನೆಯದನ್ನೂ ಏಳನೆಯದನ್ನೂ ಮಳೆ ನಿಂತ ಮೇಲೆ ಬಿಚ್ಚಬೇಕು.